ಬ್ಯಾಗು ನಮ್ಮೂರಿಗೇ ಬಂದಿದೆಯಂತೆ

ಗೆಳೆಯರೇ, ನನ್ನ ಬ್ಯಾಗು ಎಲ್ಲಿದೆ ಎಂದು ನಿಮಗಾದರೂ ತಿಳಿದರೆ ಹೇಳಿ. ಘಾನಾದಲ್ಲಿ ಎರಡು ವರ್ಷ ಟರ್ಬೈನ್ ರಿಪೇರಿ ಮಾಡಿ ಮೊನ್ನೆ ರಾಯಚೂರಿಗೆ ಮರಳಿದೆ. ಬ್ಯಾಗು ಮಾತ್ರ ಬರಲಿಲ್ಲ. ಸೋಮವಾರ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸದ ಸಂದರ್ಶನ, ನನ್ನ ಸರ್ಟಿಫಿಕೇಟುಗಳೆಲ್ಲ ಅದರಲ್ಲೇ ಇವೆ.

ಇಂದು ಬೆಳಿಗ್ಗೆ ಘಾನಾದ ವಿಮಾನ ಕಂಪನಿಯಿಂದ ಫೋನ್ ಬಂತು. "ಬ್ಯಾಗು ನಿಮ್ಮೂರಿನ ವಿಮಾನ ನಿಲ್ದಾಣ ತಲುಪಿದೆ, ಹೋಗಿ ತೆಗೆದುಕೊಳ್ಳಿ" ಎಂದಳು ಹುಡುಗಿ. ನಮ್ಮೂರಲ್ಲಿ ಇನ್ನೂ ವಿಮಾನವೇ ಇಳಿಯುವುದಿಲ್ಲ ಎಂದೆ. "ಕಂಪ್ಯೂಟರಿನಲ್ಲಿ ಹಾಗೇ ಇದೆ ಸರ್" ಎಂದಳು.

ಅವ್ವ ಸುಮ್ಮನಿರಲಿಲ್ಲ. "ಅಷ್ಟ್ ದೂರದಾಕಿ ಸುಳ್ಳ್ಯಾಕ ಹೇಳ್ತಾಳ? ಹೋಗಿ ನೋಡ್ಕೊಂಡು ಬಾರಪ್ಪಾ."

ನಾನೂ ಹೋದೆ! ಊರಾಚೆ ಯರಮರಸ್ ಬಳಿ ಹೊಸ ವಿಮಾನ ನಿಲ್ದಾಣ ಕಟ್ಟುತ್ತಿರುವ ಜಾಗದಲ್ಲಿ ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಲ್ಲಿ ಸಿಮೆಂಟ್ ಚೀಲ ಅದಾವ್ರೀ. ವಿಮಾನದ್ ಬ್ಯಾಗ್ ಯಾವ್ದೂ ಬಂದಿಲ್ಲ."

ಅಲ್ಲಿಂದಲೇ ಆ ಹುಡುಗಿಗೆ ಫೋನ್ ಮಾಡಿ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಸಿದೆ. ರಾಯಪುರ! ಛತ್ತೀಸ್‌ಗಢದ್ದು. "ಎರಡೂ ಒಂದೇ ಅಲ್ಲವೇ ಸರ್?" ಎಂದು ಆಕೆಯೇ ಗೊಂದಲಕ್ಕೆ ಬಿದ್ದಳು. ಕೊನೆಗೆ ಶನಿವಾರದೊಳಗೆ ನಮಗೆ ಹತ್ತಿರದ ಹೈದರಾಬಾದಿಗೆ ಕಳಿಸುವುದಾಗಿ ಮಾತು ಕೊಟ್ಟಳು.

ಪಾಕಿಸ್ತಾನದಲ್ಲೂ ಒಂದು ಹೈದರಾಬಾದ್ ಇದೆ ಎಂಬುದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.