ದರ್ಜಿಯಣ್ಣನ ಕೇಜನ್ ಚಿಕನ್

ಭಾನುವಾರ ಮೆಟ್ಟಿಲ ಮೇಲೆ ಹೋಗಿಬರುವವರೆಲ್ಲ ಸೀನತೊಡಗಿದರೆ, ಮೇಲ್ಮಹಡಿಯ ದರ್ಜಿಯಣ್ಣ ಅಮೆರಿಕದ ಕಡೆಯ ಖಾರದ ಅಡುಗೆಯಾದ ಕೇಜನ್ ಚಿಕನ್‌ಗೆ ಒಗ್ಗರಣೆ ಹಾಕಿದ್ದಾರೆ ಎಂದೇ ಅರ್ಥ. ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೆಲರಿ ಸೊಪ್ಪಿನ ದಂಟು ಮೂರನ್ನೂ ಅವರು ಅಂಗಿಯ ಗುಂಡಿಯಷ್ಟೇ ಅಗಲಕ್ಕೆ ಹೆಚ್ಚುತ್ತಾರೆ. ಒಂದು ಚೂರು ದೊಡ್ಡದಾದರೂ ಗಿರಾಕಿಯ ತೋಳು ಗಿಡ್ಡವಾಯಿತೇನೋ ಎಂಬಂತೆ ನೊಂದುಕೊಳ್ಳುತ್ತಾರೆ. ಮೆಣಸಿನಪುಡಿ ಮೆತ್ತಿದ ಕೋಳಿಯನ್ನು ಕುಕ್ಕರಿಗೆ ಹಾಕಿ ಮುಚ್ಚಳ ಬಿಗಿದರೆಂದರೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ವಿಷಲ್ ಕೂಗಿ ಒಲೆ ಆರಿದ ಮೇಲೂ ಅದನ್ನು ಮುಟ್ಟಗೊಡುವುದಿಲ್ಲ. "ಆವಿ ತಾನಾಗೇ ಇಳೀಲಿ, ಅವಸರ ಮಾಡಿದ್ರೆ ಕೋಳಿ ಮುನಿಸ್ಕೊಳ್ಳುತ್ತೆ" ಎನ್ನುತ್ತಾರೆ. ಆಮೇಲೆ ಅಕ್ಕಪಕ್ಕದ ಮನೆಗಳಿಗೂ ಒಂದೊಂದು ಬಟ್ಟಲು ಹೋಗುತ್ತದೆ. ತಿಂದವರ ಕಿವಿಯಲ್ಲಿ ಹೊಗೆ ಏಳುತ್ತದೆ. ಕಟ್ಟಡದ ಕಳ್ಳಬೆಕ್ಕು ಕೂಡ ಅದಕ್ಕೆ ದೂರದಿಂದಲೇ ಕೈಮುಗಿಯುತ್ತದೆ. "ಖಾರ ಸ್ವಲ್ಪ ಕಮ್ಮಿ ಮಾಡಣ್ಣ" ಎಂದು ನಾನು ಗೋಗರೆದರೆ "ನೋಡೋಣ" ಎನ್ನುತ್ತಾರೆ. ಮುಂದಿನ ವಾರ ಇನ್ನೊಂದು ಚಿಟಿಕೆ ಏರಿರುತ್ತದೆ. ಅವರ ಹೊಟ್ಟೆಗೋ ಖಾರ ಆಗಿಬರುವುದಿಲ್ಲ, ಬರೀ ಬ್ರೆಡ್ಡು ತಿನ್ನುತ್ತಾರೆ. ಮೊದಲ ತುತ್ತು ಯಾವಾಗಲೂ ಅತ್ತಿಗೆಗೆ. ದೊಡ್ಡ ಕಾಯಿಲೆಗೆ ಕೊಟ್ಟ ಔಷಧಿ ಅತ್ತಿಗೆಯ ನಾಲಗೆಯಿಂದ ರುಚಿಯನ್ನೆಲ್ಲ ಒರೆಸಿಹಾಕಿದೆ. ಅತ್ತಿಗೆ ಅಗಿಯುವಾಗ ಅಣ್ಣ ಎದುರು ಕೂತು, ಕಣ್ಣಲ್ಲಿ ಒಂದು ಹನಿ ನೀರಾದರೂ ಬಂದೀತೇ ಎಂದು ನೋಡುತ್ತಿರುತ್ತಾರೆ. ಅತ್ತಿಗೆ ನಿಧಾನವಾಗಿ ನುಂಗಿ, ನಕ್ಕು, "ತುಂಬಾ ಚೆನ್ನಾಗಿದೆ ರೀ" ಎನ್ನುತ್ತಾರೆ. ಅಣ್ಣನ ಮುಖ ಬಾಡಿಹೋಗುತ್ತದೆ. ಹುಷಾರಾಗಿದ್ದ ಕಾಲದಲ್ಲಿ ಅತ್ತಿಗೆ, ಗಂಡನ ಅಡುಗೆಯನ್ನು ಬೈಯದೆ ಒಂದು ತುತ್ತೂ ನುಂಗಿದವರಲ್ಲ.