ಭಂಡಾರ ನುಂಗಿದ ಕಂಪ್ಯೂಟರು

ಯಾವ ಕಂಪ್ಯೂಟರನ್ನೇ ಆಗಲಿ, ಚಾಲೂ ಮಾಡುವ ಮೊದಲು ಸಿದ್ದಣ್ಣ ಕಾಕಾ ಅದರ ಹಣೆಗೆ ಭಂಡಾರ ಹಚ್ಚುತ್ತಿದ್ದರು. ಕಂಪ್ಯೂಟರಿಗೆ ಹಣೆ ಎಲ್ಲಿರುತ್ತದೆ ಅಂತ ನನ್ನನ್ನು ಕೇಳಬೇಡಿ, ಅವರಿಗೆ ಗೊತ್ತಿತ್ತು. ಕಿಸೆಯಿಂದ ಕುರಿಗಾರರ ದೇವರು ಬಿರೋಬನ ಗುಡಿಯ ಅರಿಶಿನಪುಡಿಯ ಪೊಟ್ಟಣ ತೆಗೆದು, ಒಂದು ಚಿಟಿಕೆ ಒತ್ತಿ, "ಬಿರೋಬಾಚ್ಯಾ ನಾವಾನಂ ಚಾಂಗಭಲಂ!" ಎಂದು ಮರಾಠಿಯಲ್ಲಿ ಜೈಕಾರ ಕೂಗಿ ಗುಂಡಿ ಅದುಮುವರು. ಹತ್ತರಲ್ಲಿ ಒಂಬತ್ತು ಸಲ ಏನೂ ಆಗುತ್ತಿರಲಿಲ್ಲ. ಆಗ ಅದರ ಬೆನ್ನು ಸವರಿ, "ಸತ್ತಿಲ್ಲ ಅದು, ಮುನಿಸ್ಕೊಂಡದ" ಎನ್ನುವರು.

ಸೋಲಾಪುರದಲ್ಲಿ ಅವರದು ಚಾದರದ ಅಂಗಡಿ. ಮೂಲ ಊರು ಭಂಡಾರಕವಠೆ. ಅಜ್ಜ ಕುರಿ ಸಾಕಿದರು, ಅಪ್ಪ ಉಣ್ಣೆ ಮಾರಿದರು, ಇವರು ಚಾದರ ಮಾರುತ್ತ ಹಳೆ ಕಂಪ್ಯೂಟರ್ ಸಾಕಿದರು. ಗುಜರಿಯಿಂದ ಹೊತ್ತು ತಂದ ಹದಿನಾಲ್ಕು ಯಂತ್ರಗಳು ಅಂಗಡಿಯ ಮೇಲಿನ ಖೋಲಿಯಲ್ಲಿದ್ದವು. ಗಿರಾಕಿ ಬಂದು ಡಬಲ್ ಚಾದರ ತೋರಿಸಿ ಅಂದರೆ ಮೇಲಿನಿಂದ ಕೂಗು ಬರುತ್ತಿತ್ತು: "ಜರಾ ತಡೀರಿ, ಇದರ ಹೊಟ್ಟಿ ತಗದೀನಿ!" ಗಿರಾಕಿ ಹೆದರಿ ಪಕ್ಕದ ಅಂಗಡಿಗೆ ಹೋಗುತ್ತಿದ್ದ.

ಹಳೆ ಕಂಪ್ಯೂಟರಿನ ಬಿಳಿ ಡಬ್ಬಿ ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ಅದಕ್ಕೆ ಕಾಕಾ ಕೂದಲಿಗೆ ಬಣ್ಣ ಹಚ್ಚುವವರ ಪೆರಾಕ್ಸೈಡ್ ಕ್ರೀಮ್ ಬಳಿದು, ಪ್ಲಾಸ್ಟಿಕ್ ಸುತ್ತಿ, ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದರು. ಹನ್ನೂರಿನ ಕುರಿಗಾರರ ಮನೆಯ ಮಗಳಾದ ಅವರ ಹೆಂಡತಿ ಕಸ್ತೂರಿ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುವರು. "ಮಂದಿ ಮಾಳಗಿ ಮ್ಯಾಲ ಸಂಡಿಗಿ ಒಣಗಸ್ತಾರ, ನಮ್ಮವರು ಕಂಪ್ಯೂಟರ್ ಒಣಗಸ್ತಾರ. ಸಂಜಿಕ್ಕ ಕರದು ಹಾಕ್ಲೇನ್ರಿ?"

ವಾರಗಟ್ಟಲೆ ಹಳದಿ ತೆಗೆಯುವುದು, ಬೆಳ್ಳಗಾದ ಕೂಡಲೇ ಭಂಡಾರ ಹಚ್ಚುವುದು! ನಾನು ಕೇಳಿಯೇ ಬಿಟ್ಟೆ. "ಅದು ಮುಪ್ಪಿನ ಹಳದಿ, ಇದು ದೇವರ ಹಳದಿ. ಫರಕ್ ಇಲ್ಲೇನವ್ವಾ?" ಅಂದರು.

ನಾನು ಅಕ್ಕಲಕೋಟೆಯ ಕನ್ನಡ ಶಾಲೆಯ ಟೀಚರು. ಕಾಕಾನ ಬಳಿ ಹೋಗಿದ್ದು ಅಪ್ಪನ ಸಲುವಾಗಿ. ಅಪ್ಪನೂ ಮಾಸ್ತರರೇ. ಕುರಿ ಕಾಯುವವರ ಬಾಯಿಂದ ಬಿರೋಬನ ಡೊಳ್ಳಿನ ಹಾಡು ಕೇಳಿ ಬರೆದುಕೊಂಡು, ಶಾಲೆಗೆ ಬಂದ ಮೊದಲ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಮೂರು ಫ್ಲಾಪಿಗಳಲ್ಲಿ ತುಂಬಿದ್ದರು. ಬರೆದ ವಹಿಯನ್ನು ಗೆದ್ದಲು ತಿಂದಿತು. ಅಪ್ಪ ಹೋದ ಮೇಲೆ ಉಳಿದದ್ದು ಹಪ್ಪಳದಗಲದ ಆ ಮೂರು ಫ್ಲಾಪಿ ಅಷ್ಟೇ. ಕಂಪ್ಯೂಟರ್ ಅಂಗಡಿಯವರೆಲ್ಲ ನೋಡಿ ನಕ್ಕರು. ಕಾಕಾ ಮಾತ್ರ ಎರಡೂ ಕೈಯೊಡ್ಡಿ ತೆಗೆದುಕೊಂಡರು.

"ಎರಡ ದಿನಕ್ಕ ಖಂಡೆ ಪೂಜಿ ಅದ. ಪೂಜಿ ಮುಗಿಸಿ ಓದೂಣು. ಬಿರೋಬನ ಹಾಡು ಅವನ್ನ ಕೇಳದ ಓದಬಾರದು."

ಖಂಡೆ ಪೂಜೆಯ ದಿನ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಕಾಕಾ ಕತ್ತರಿ, ಗಜಪಟ್ಟಿಗಳ ಜೊತೆ ಹದಿನಾಲ್ಕು ಕಂಪ್ಯೂಟರನ್ನೂ ಸಾಲಾಗಿ ಕೂರಿಸಿದರು. ಭಕ್ತಿ ಉಕ್ಕಿತು ನೋಡಿ, ಚಿಟಿಕೆ ಹೋಗಿ ಮುಷ್ಟಿ ಬಂತು. ಪಲ್ಲಕ್ಕಿಯ ಮೇಲೆ ತೂರುವ ಹಾಗೆ ತೂರಿದರು. ಹಳೆ ಫ್ಲಾಪಿ ಓದಬಲ್ಲ ಒಂದೇ ಒಂದು ಯಂತ್ರ ಬಾಯಿ ತೆರೆದುಕೊಂಡು ಕೂತಿತ್ತು. ಮರುದಿನ ನನ್ನೆದುರೇ ಮೊದಲ ಫ್ಲಾಪಿ ಹಾಕಿದರು. ಕರಕರ ಸದ್ದಾಯಿತು. ತೆಗೆದು ನೋಡಿದರೆ ಫ್ಲಾಪಿಯೊಳಗಿನ ತಟ್ಟೆಯ ಮೇಲೆ ಉಂಗುರದಂಥ ಗೀರು, ಗೀರಿನ ತುಂಬ ಅರಿಶಿನ.

"ನಮ್ಮಪ್ಪನ್ನ ಅರದ ಹಾಕಿದ್ರಿ ಕಾಕಾ!" ಎಂದು ಕಿರುಚಿದೆ. ಹಾಗೆ ಅನ್ನಬಾರದಿತ್ತು. ಆದರೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಅವರು 'ಮುನಿಸ್ಕೊಂಡದ' ಅನ್ನಲಿಲ್ಲ. "ಚೂಕ ಆತವ್ವಾ, ತಪ್ಪ ನಂದ" ಅಂದರು, ಅಷ್ಟೇ. ನಾನು ಮೂರೂ ಫ್ಲಾಪಿ ಕಸಿದುಕೊಂಡು ಊರಿಗೆ ಬಂದೆ. ಒಂದು ತಿಂಗಳು ಅವರ ಫೋನೂ ಎತ್ತಲಿಲ್ಲ.

ಒಂದು ಭಾನುವಾರ ನಮ್ಮ ಬಾಗಿಲಲ್ಲಿ ಕಾಕಾ ನಿಂತಿದ್ದರು, ಎರಡು ದೊಡ್ಡ ಚಾದರದ ಗಂಟುಗಳೊಂದಿಗೆ. ಒಂದರಲ್ಲಿ ಕಂಪ್ಯೂಟರಿನ ಪರದೆ, ಇನ್ನೊಂದರಲ್ಲಿ ಅದೇ ಯಂತ್ರ. "ನಿನ್ನ ಫ್ಲಾಪಿ ಇನ್ನ ಮನಿ ಬಿಟ್ಟು ಹೊರಗ ಬರಾದ ಬ್ಯಾಡ. ಇದರ ಬಾಯಿ ತಿಂಗಳತನ ಹತ್ತಿ, ಸ್ಪಿರಿಟ್ ಹಚ್ಚಿ ತೊಳದೀನಿ. ಬಸ್ಸಿನಾಗ ಕುಂಭಾರಿ ದಾಟೂತನ ಕಂಡಕ್ಟರ್ ಜೋಡಿ ಜಗಳ. ಕಡಿಕ್ಕ ಇದಕ್ಕೂ ಅರ್ಧಾ ಟಿಕೀಟ ಹರದ!" ನನಗೆ ನಗು ಬಂದುಬಿಟ್ಟಿತು. ಸಿಟ್ಟು ಅಲ್ಲಿಗೆ ಮುಗಿಯಿತು.

ಎರಡನೆಯ ಫ್ಲಾಪಿ ಹಾಕಿದೆವು. ಗುರುಗುಟ್ಟಿ, ಕೆಮ್ಮಿ, ಕೊನೆಗೆ ಪರದೆಯ ಮೇಲೆ ಅಪ್ಪನ ಅಕ್ಷರ ಮೂಡಿತು. ನಾನು ಗಳಗಳನೆ ಅತ್ತೆ. ಕಾಕಾ ಪರದೆಯನ್ನೇ ದಿಟ್ಟಿಸುತ್ತಿದ್ದರು. "ನಾ ಕಲ್ತಿದ್ದು ಮರಾಠಿ ಸಾಲ್ಯಾಗ. ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ. ನೀ ಓದವ್ವಾ."

ಓದಿದೆ. ಒಂದು ಸಾಲು ಮುಗಿಯುವುದರೊಳಗೆ ಮುಂದಿನ ಸಾಲನ್ನು ಅವರು ಹಾಡಿದರು! ಅಜ್ಜನ ಕುರಿಹಟ್ಟಿಯಲ್ಲಿ ಕೇಳಿದ್ದಂತೆ. ಮೂರನೆಯ ಫ್ಲಾಪಿಯೂ ಓದಿತು. ಅದರ ಕೊನೆಯಲ್ಲಿ ಅಪ್ಪ ಎಲ್ಲ ಹಾಡುಗಳ ಮೊದಲ ಸಾಲು ಪಟ್ಟಿ ಮಾಡಿಟ್ಟಿದ್ದರು. ಕೆಟ್ಟ ಫ್ಲಾಪಿಯಲ್ಲಿದ್ದವು ಒಂಬತ್ತು. ಅವುಗಳಲ್ಲಿ ನಾಲ್ಕನ್ನು ಕಾಕಾ ಅಲ್ಲೇ ಹಾಡಿ ಬರೆಸಿದರು. "ನನ್ನ ಭಂಡಾರ ನುಂಗಿದ್ದನ್ನ ನಾನೇ ಕಕ್ಕಬೇಕಲ್ಲ!"

ಯಂತ್ರವನ್ನು ಮತ್ತೆ ಗಂಟು ಕಟ್ಟಿ ಒಯ್ದರು, ಆಮೇಲೆ ಹಟಕ್ಕೆ ಬಿದ್ದರು. ಭಂಡಾರಕವಠೆಯ ಅಕ್ಕನನ್ನು ಕಾಡಿದರು, ಗುಡಿಯ ಪೂಜಾರಿಯನ್ನು ಕಾಡಿದರು. ಸಿಕ್ಕ ಹಾಡನ್ನು ಮೇಲಿನ ಖೋಲಿಯಿಂದ ಫೋನಿನಲ್ಲಿ ಹಾಡುವರು. ನಾನು ಬರೆದುಕೊಳ್ಳುವೆ. ಎಂಟಾದವು. ಒಂಬತ್ತನೆಯದು ಯಾರಿಗೂ ಬರಲಿಲ್ಲ. "ಸತ್ತಿಲ್ಲ ಅದು, ಮುನಿಸ್ಕೊಂಡದ. ಸಿಕ್ಕೇ ಸಿಗ್ತದ" ಎಂದಿದ್ದೇ ಅವರ ಕೊನೆಯ ಫೋನು. ಅದೇ ವಾರ ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಹೋಗಿಬಿಟ್ಟರು. ನನ್ನಪ್ಪನನ್ನು ಎರಡನೇ ಸಲ ಕಳಕೊಂಡ ಹಾಗಾಯಿತು.

ಹದಿನೈದು ದಿನ ಬಿಟ್ಟು ಹೋದೆ. ಕಾಕು ಮೇಲಿನ ಖೋಲಿಗೆ ಕರೆದೊಯ್ದು, ಚಹಾ ಮಾಡಲು ಕೆಳಗಿಳಿದರು. ನಾನು ಆ ಯಂತ್ರಕ್ಕೆ ಭಂಡಾರ ಹಚ್ಚಿದೆ, ಒಂದೇ ಚಿಟಿಕೆ, ಅದರ ಬಾಯಿಂದ ದೂರ. ಜೊತೆಗೆ ತಂದಿದ್ದ ಗೀರು ಬಿದ್ದ ಫ್ಲಾಪಿ ಹಾಕಿದೆ. ಕರಕರ ಅಂದು ಸುಮ್ಮನಾಯಿತು. ನಾನು ಹಾಡು ಬರೆದುಕೊಂಡಿದ್ದ ವಹಿ ತೆಗೆದು, ಸಿಗದೆ ಉಳಿದ ಒಂಬತ್ತನೆಯ ಹಾಡಿನ ಮೊದಲ ಸಾಲನ್ನು ದನಿ ತೆಗೆದು ಓದಿಕೊಂಡೆ: "ಏಳು ಹಟ್ಟಿ ಕುರಿ ಎಣಿಸಿ ಬಂದೆ, ನನ್ನ ಮರಿ ಎಲ್ಲಿ ಹೋತೋ..."

"ಎಲ್ಲಿ ಅಂತ ಹುಡುಕ್ಯಾಡತಿ, ಹೆಗಲ ಕಂಬಳ್ಯಾಗ ಅದ ನೋಡೋ" ಎಂದು ಹಿಂದಿನಿಂದ ಸಣ್ಣ ದನಿ ಬಂತು. ಕಾಕು ಚಹಾದ ಕಪ್ಪು ಹಿಡಿದು ಹಾಡುತ್ತಿದ್ದರು. ನಿಲ್ಲಿಸಲೇ ಇಲ್ಲ, ಕೊನೆಯವರೆಗೂ ಹಾಡಿದರು.

"ಕಾಕು, ನಿಮಗ ಪೂರಾ ಬರ್ತಿತ್ತಾ? ಕಾಕಾ ಇದಕ್ಕ ಊರೂರು ತಿರಗ್ಯಾರಲ್ಲ!"

ಕಾಕು ಸೆರಗಿನಿಂದ ಮೊದಲು ಆ ಯಂತ್ರದ ಧೂಳು ಒರೆಸಿದರು, ಆಮೇಲೆ ಕಣ್ಣು.

"ನನ್ನ ಎಲ್ಲಿ ಕೇಳಿದ್ರವ್ವಾ ಅವರು? ಈ ಡಬ್ಬಿಗೋಳನ್ನ ಕೇಳಕೋತ ಕುಂತ್ರು."