ಮೊಳೆ ಬಡಿದ ಬಾಗಿಲು

ವಿದೇಶಕ್ಕೆ ಹೋಗಿ ಬಂದವರ ದೇಶಪ್ರೇಮ ಕಂಡರೆ ನನಗೆ ಆಗದು. ಹೀಗೆಂದರೆ ಕುಷ್ಟಗಿಯ ಕೆಲವು ಮನೆಗಳ ಚಹಾ ನನಗೆ ತಪ್ಪುತ್ತದೆ. ತಪ್ಪಲಿ, ಹೇಗೂ ಅದು ನೀರುಚಹಾ. ಊರಲ್ಲಿದ್ದಷ್ಟು ದಿನ ಧೂಳು, ಬಿಸಿಲು, ಕರೆಂಟು ಎಂದು ಬೈಯುತ್ತಿದ್ದವರು ವಿಮಾನ ನೆಲ ಬಿಟ್ಟ ಕೂಡಲೇ ಊರಿನ ವಕೀಲರಾಗುತ್ತಾರೆ. ಕಕ್ಷಿದಾರನ ಮುಖವನ್ನೇ ಸರಿಯಾಗಿ ನೋಡಿರದ ವಕೀಲರು.

ನನ್ನ ಅಕ್ಕನ ಗಂಡ ಬಸವಂತಪ್ಪ ಮಾಮ ಈ ಪಂಥದ ಮಠಾಧಿಪತಿ. ಗಂಗಾವತಿಯಲ್ಲಿ ಅವರದು ಅಕ್ಕಿ ಗಿರಣಿ. ಹೋದ ವರ್ಷ ಅವರ ಜೊತೆ ಯುರೋಪು ಸುತ್ತುವ ಯೋಗ ನನಗೆ ಬಂತು. ಅಕ್ಕ ಒಂದು ಸೂಟ್‌ಕೇಸಿನ ತುಂಬ ಖಡಕ್ ರೊಟ್ಟಿಯನ್ನು ರೇಷ್ಮೆ ಸೀರೆಯಂತೆ ಜೋಪಾನವಾಗಿ ಜೋಡಿಸಿದ್ದಳು. ಹಿಮದ ಬೆಟ್ಟದೆದುರು ಬಸ್ಸು ನಿಂತಾಗ ಉಳಿದವರು ಕ್ಯಾಮೆರಾ ತೆಗೆದರೆ ನಮ್ಮವರು ಶೇಂಗಾ ಚಟ್ನಿಯ ಡಬ್ಬಿ ತೆಗೆದರು. ಮಾಮ ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಬಿಳಿ ಮುದುಕಿಯೊಬ್ಬಳು ಬೆಚ್ಚಿ ಬೆಟ್ಟದ ಕಡೆ ನೋಡಿದಳು.

ಜಲಪಾತ, ಸರೋವರ, ಸೇತುವೆ, ಏನೇ ತೋರಿಸಲಿ, ಮಾಮನ ತೀರ್ಪು ಒಂದೇ: ನಮ್ಮ ಕಡೆ ಇದಕ್ಕಿಂತ ಛಲೋ ಐತಿ. ಆಸ್ಟ್ರಿಯದ ಒಂದು ಕೋಟೆ ಹತ್ತಿದ ದಿನ, ಕೊಪ್ಪಳ ಕೋಟೆಯ ಮುಂದೆ ಇದು ಏನೂ ಅಲ್ಲ ಎಂದರು. ನಾನು ತಡೆಯಲಾರದೆ ಕೇಳಿದೆ.

“ನೀವು ಅದನ್ನ ಹತ್ತೀರೇನು ಮಾಮಾ?”

“ಹತ್ತೂದ್ಯಾಕ? ರೈಲಿನ್ಯಾಗಿಂದನ ಕಾಣತೈತಲ್ಲ.”

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಸಾಕ್ಷಿಯಿಲ್ಲದ ಮಾತು ಕೇಳಿದರೆ ಮೈ ಉರಿಯುತ್ತದೆ. ಕಾಲೇಜಿನ ದಿನಗಳಲ್ಲಿ ನಾನು ಆ ಕೋಟೆಯ ತುದಿ ಮುಟ್ಟಿದ್ದೇನೆ, ಅಲ್ಲೊಂದು ಮೊಳೆ ಬಡಿದ ಬಾಗಿಲಿದೆ ಎಂದೆ. ಆನೆಗಳು ಹಣೆಯಿಂದ ನೂಕದಿರಲೆಂದು ಬಾಗಿಲಿಗೆ ಮೊಳೆ ಬಡಿಯುತ್ತಿದ್ದರೆಂದು ಪಾಠವನ್ನೂ ಮಾಡಿದೆ. ಬೆನ್ನಿಗೆ ಆ ಕಬ್ಬಿಣದ ತಂಪು, ಕೆಳಗೆ ಜೋಳದ ಹೊಲಗಳು, ಎಲ್ಲ ನೆನಪಿದೆ ಎಂದೆ. ಮಾಮ ನಂಬಲಿಲ್ಲ. ಪಂಥ ಬಿತ್ತು: ಬಾಗಿಲು ಇದ್ದರೆ ಅವರು ‘ನಮ್ಮ ಕಡೆ’ ಎನ್ನುವುದನ್ನು ಬಿಡಬೇಕು, ಇಲ್ಲದಿದ್ದರೆ ಇನ್ನು ಮುಂದೆ ನಾನು ಅವರ ಮಾತನ್ನು ತಿದ್ದಬಾರದು. ಓದಿನಿಂದ ನನಗೆ ಉಳಿದ ಸುಖವೆಂದರೆ ಪರರನ್ನು ತಿದ್ದುವುದೊಂದೇ. ಅದನ್ನೇ ಒತ್ತೆಯಿಟ್ಟೆ.

ಚಳಿಗಾಲದಲ್ಲಿ ಕೊಪ್ಪಳಕ್ಕೆ ಹೋಗಿ ಇಬ್ಬರೂ ಏದುಸಿರು ಬಿಡುತ್ತ ಹತ್ತಿದೆವು. ಮೇಲೆ ಕಲ್ಲಿತ್ತು, ಗೋಡೆಯಿತ್ತು, ನಿಂತವರನ್ನು ನೂಕುವಂಥ ಗಾಳಿಯಿತ್ತು. ನನ್ನ ಬಾಗಿಲು ಇರಲಿಲ್ಲ. ಬೀಗದ ಕೈ ಕಳೆದುಕೊಂಡವನ ಹಾಗೆ ಬಂಡೆ ಬಂಡೆಯ ಹಿಂದೆ ಹುಡುಕಿದೆ. ಮಾಮ ಬೆವರು ಒರೆಸಿಕೊಂಡು ಮೊಬೈಲು ತೆಗೆದರು.

“ಇದೇನು ನೋಡಪಾ, ನಿನ್ನ ಬಾಗಲಾ?”

ಆಸ್ಟ್ರಿಯದ ಕೋಟೆಯ ಫೋಟೊ ಅದು. ಮೊಳೆ ಬಡಿದ ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಪರಮಸುಖಿಯಾಗಿ ಕೂತವನು ನಾನೇ. ನಾನು ಮಾಮನಿಗೆ ಪಾಠ ಮಾಡುವ ಸ್ವಲ್ಪ ಮೊದಲು ತೆಗೆದದ್ದು. ಅಲ್ಲಿಯ ಬಾಗಿಲನ್ನು ಕಿತ್ತು ತಂದು ಇಲ್ಲಿಯ ನೆನಪಿಗೆ ಕೂಡಿಸಿದ್ದೆ. ಆನೆಗಳನ್ನು ಮಾತ್ರ ನನ್ನ ಓದಿನಿಂದ ತಂದಿದ್ದೆ. ಹಾಗಾದರೆ ಕಾಲೇಜಿನ ದಿನಗಳಲ್ಲಿ ನಾನು ಇಲ್ಲಿ ಹತ್ತಿದ್ದು ನಿಜವೇ, ಅಥವಾ ಅರ್ಧದಾರಿಯ ನೆರಳಲ್ಲಿ ಕೂತು ಇಳಿದುಹೋಗಿದ್ದೆನೇ? ಈಗ ಖಾತ್ರಿಯಿಲ್ಲ. ರೈಲಿನ ಕಿಟಕಿಯಿಂದ ನೋಡಿದ ಮಾಮನೇ ವಾಸಿ; ಅವರು ಕನಿಷ್ಠ ಈ ಕೋಟೆಯನ್ನಾದರೂ ನೋಡಿದ್ದರು.

ಗೆದ್ದ ಮಾಮ ರೊಟ್ಟಿ ಮುರಿಯುತ್ತ ಸುತ್ತ ನೋಡಿ ನಿಟ್ಟುಸಿರಿಟ್ಟರು. “ಏನಾರ ಅನ್ನು, ಆ ಹಿಮದ ಗುಡ್ಡ ಇದಕ್ಕಿಂತ ಭಾಳ ಛಲೋ ಇತ್ತು.”

ತಿದ್ದುವಂತಿರಲಿಲ್ಲ. ರೊಟ್ಟಿಯ ಜೊತೆ ನಾಲಿಗೆಯನ್ನೂ ಕಚ್ಚಿಕೊಂಡೆ.

ಕೆಳಗಿಳಿದು ಚಹಾದಂಗಡಿಯಲ್ಲಿ ಕೂತಾಗ ಪರವೂರಿನ ದಂಪತಿ ಕೋಟೆಯನ್ನು ತೋರಿಸಿ ಮೇಲೆ ಏನಿದೆ ಎಂದು ಕೇಳಿದರು.

“ಏನಿಲ್ರಿ,” ಎಂದರು ಮಾಮ. “ಬರೇ ಗಾಳಿ.”

ನಾನು ಕಪ್ಪು ಕೆಳಗಿಟ್ಟೆ. ಬಾಗಿಲಿನ ಮಾತು ಬಾಯಿಗೆ ಬಂದಿತ್ತು, ನುಂಗಿದೆ.

“ನಮ್ಮ ಕಡೆ ಗಾಳಿ ಅಂದ್ರ ಏನಂತ ತಿಳಕೊಂಡೀರಿ,” ಎಂದೆ. “ಯುರೋಪಿನ್ಯಾಗೂ ಇಂಥಾದ್ದು ಇಲ್ಲ. ಹತ್ತಿ ನೋಡ್ರಿ.”

ಮಾಮ ಚಹಾದ ಬಸಿಯಿಂದ ಮುಖವೆತ್ತಿ ನನ್ನನ್ನೇ ನೋಡಿದರು. ತಿದ್ದಲಿಲ್ಲ. ಪಾಪ, ಅದಕ್ಕೆ ಬೇಕಾದ ಡಿಗ್ರಿ ಅವರಲ್ಲಿರಲಿಲ್ಲ.